ಎಡಗಡೆಯ ದೀಪಗಳು

ಊಟದ ನಡುವೆ ಅನಸುಬಾಯಿ ಮಗನ ತಾಟು ತಿರುಗಿಸುತ್ತಿದ್ದಳು. ಹೀಗೆ ಮಾಡು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ರತ್ನದೀಪ ಸೇನಾ ಆಸ್ಪತ್ರೆಯಿಂದ ರಾವೂರಿಗೆ ಬಂದ ದಿನ, ಅವನು ಕೈ ತೊಳೆಯಲು ಎದ್ದ ಮೇಲೆ ಆಕೆ ತಾಟು ಎತ್ತಲು ಹೋದರೆ, ಬಲ ಅರ್ಧ ಒರೆಸಿಟ್ಟ ಹಾಗೆ ಖಾಲಿಯಾಗಿತ್ತು. ಎಡ ಅರ್ಧದಲ್ಲಿ ಪುಂಡಿಪಲ್ಯ, ಶೇಂಗಾ ಹಿಂಡಿ, ಮುರಿದಿಟ್ಟ ರೊಟ್ಟಿ ಎಲ್ಲ ಮುಟ್ಟದೆ ಉಳಿದಿದ್ದವು. ಬಾಯಿಗೆ ರುಚಿ ಹತ್ತಿಲ್ಲವೇನೋ ಅಂದುಕೊಂಡಳು. ರಾತ್ರಿಯೂ ಹಾಗೇ ಆಯಿತು. ಮರುದಿನ ಆಕೆ ಎದುರಿಗೇ ಕೂತು ನೋಡಿದಳು. ಮಗ ಬಲಗಡೆಯದನ್ನೆಲ್ಲ ಮುಗಿಸಿ, ಊಟವಾಯಿತೆಂಬಂತೆ ಬೆರಳು ಚೀಪಿ ಏಳಲು ಹೊರಟ. ಆಕೆ ಬಗ್ಗಿ ತಾಟನ್ನು ಅರ್ಧ ಸುತ್ತು ತಿರುಗಿಸಿದಳು. ಅವನು ಒಂದು ಗಳಿಗೆ ಅದನ್ನೇ ನೋಡಿದ. ಮತ್ತೆ ಕೂತು ಉಂಡ.

ಅಂದಿನಿಂದ ಅದು ಆ ಮನೆಯ ರೂಢಿಯಾಯಿತು.

ರತ್ನದೀಪ ಸೇನೆಯಲ್ಲಿ ಲಾರಿ ಓಡಿಸುವವನು. ಗುಡ್ಡಗಾಡಿನ ಗಡಿ ರಸ್ತೆಗಳಲ್ಲಿ ದಿನಸಿ, ಡೀಸೆಲ್, ಡೇರೆ ಸಾಗಿಸುವ ಗಾಡಿಗಳ ಸಾಲಿನಲ್ಲಿ ಅವನ ಗಾಡಿಯೂ ಒಂದು. ಹೋದ ಮಳೆಗಾಲದ ಕೊನೆಗೆ ಗುಡ್ಡ ಜರಿದು, ಒಂದು ಕಲ್ಲು ಗಾಡಿಯ ನೆತ್ತಿ ಒಡೆದುಕೊಂಡು ಬಂದು ಅವನ ತಲೆಯ ಬಲಬದಿಗೆ ಬಡಿಯಿತು. ಜೀವ ಉಳಿಯಿತು, ಕೈಕಾಲು ಉಳಿದವು, ಮಾತು ಉಳಿಯಿತು. ಕಲ್ಲು ಒಡೆಯುವವನ ಮಗ ಕಲ್ಲಿಗೇ ಸಿಕ್ಕ ಎಂದು ಊರಲ್ಲಿ ಜನ ಅಂದದ್ದು ಅವನ ಕಿವಿಗೂ ಬಿತ್ತು. ಸಿಟ್ಟು ಬರಲಿಲ್ಲ, ನಗುವೂ ಬರಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಅವನಿಗೆ ಹೆಚ್ಚೇನೂ ಅನಿಸುತ್ತಿರಲಿಲ್ಲ. ಬೆಳಗಾದರೆ ಏಳುತ್ತಿದ್ದ, ಕೊಟ್ಟರೆ ಉಣ್ಣುತ್ತಿದ್ದ, ಕರೆದರೆ ಬರುತ್ತಿದ್ದ.

ಒಂದೇ ಒಂದು ವಿಷಯ ಅವನ ತಲೆಯಲ್ಲಿ ಉಳಿದಿತ್ತು: ಸ್ಟೇರಿಂಗ್.

ಆಸ್ಪತ್ರೆಯಲ್ಲಿ ಕಣ್ಣು ಮತ್ತು ಕೈಯ ಹೊಂದಾಣಿಕೆ ಪರೀಕ್ಷಿಸಲೆಂದೇ ಒಂದು ಕೋಣೆ ಇತ್ತು. ಗೋಡೆಗೆ ಆಳೆತ್ತರದ ಕಪ್ಪು ಹಲಗೆ, ಹಲಗೆಯ ತುಂಬ ಬಿಲ್ಲೆಯಂಥ ಗುಂಡಿಗಳು. ಎಲ್ಲಿ ಯಾವಾಗ ಹೊತ್ತುತ್ತದೆಂದು ಹೇಳಲಾಗದ ಹಾಗೆ ಒಂದೊಂದೇ ಗುಂಡಿ ಹೊತ್ತುತ್ತದೆ. ಎದುರಿಗೆ ನಿಂತವನು ಅದು ಆರುವ ಮೊದಲು ಕೈಯಿಂದ ಬಡಿಯಬೇಕು. ಗುರಿಯಿಟ್ಟು ಗುಂಡು ಹೊಡೆಯುವವರಿಗೂ ವಿಮಾನ ಹಾರಿಸುವವರಿಗೂ ಚುರುಕು ಹೆಚ್ಚಿಸಲು ಬಳಸುವ ಹಲಗೆಯೇ ಅದು. ಪೆಟ್ಟು ತಿಂದು ಬಂದವರಲ್ಲಿ ಎಷ್ಟು ಹೋಗಿದೆ ಎಂದು ಅಳೆಯುವುದೂ ಅದರಲ್ಲೇ. ರತ್ನದೀಪ ಬಲಗಡೆಯ ಗುಂಡಿಗಳನ್ನು ಹೊತ್ತಿದ ಹಾಗೆಲ್ಲ ಬಡಿದ. ಎಡಗಡೆಯವು ಹೊತ್ತಿದವು, ಆರಿದವು. ಹೊತ್ತಿದ್ದೇ ಅವನಿಗೆ ಗೊತ್ತಾಗಲಿಲ್ಲ.

ಪರೀಕ್ಷೆ ನಡೆಸಿದವಳು ಧನಶ್ರೀ ಎಂಬ ಚಿಕಿತ್ಸಕಿ. ಅವನ ಊರು ಯಾವುದೆಂದು ಕಾಗದದಲ್ಲಿ ಓದಿ ತಲೆ ಎತ್ತಿದ್ದಳು.

"ರಾವೂರಂದ್ರ ವಾಡಿ ಹತ್ರ ರಾವೂರೇನ್ರಿ?"

"ಹೌದ್ರಿ ಮೇಡಂ."

"ನಾ ಸೇಡಂನಾಕಿ. ಮತ್ತ ಇಷ್ಟೊತ್ತು ಇಬ್ರೂ ಯಾಕ ಹಿಂದಿ ಮಾತಾಡ್ಲಿಕತ್ತೀವಿ? ಕುಂದರ್ರಿ."

ಅವನು ಕೂತ ಮೇಲೆ ಅವಳು ಬಿಡಿಸಿ ಹೇಳಿದಳು. "ನಿಮ್ಮ ಕಣ್ಣಿಗೇನೂ ಆಗಿಲ್ರಿ. ಎರಡೂ ಛಲೋ ಅವ. ಕಣ್ಣು ತೋರಿಸ್ಲಿಕತ್ತದ, ಮಿದುಳು ಎಡಗಡಿ ಗಮನ ಕೊಡವಲ್ದು. ಅಲ್ಲಿ ಇದ್ದದ್ದು ನಿಮಗ ಇಲ್ದಂಗ."

"ಕತ್ತಲ ಕಾಣ್ತದೇನು ಅಂತಾರ್ರಿ ಎಲ್ಲಾರೂ. ಕತ್ತಲಾನೂ ಕಾಣಲ್ರಿ."

"ಬೆನ್ನಿನ ಹಿಂದ ಏನು ಕಾಣ್ತದ ನಿಮಗ? ಕತ್ತಲ ಕಾಣ್ತದೇನು? ಇಲ್ಲಲ್ಲ. ಹಂಗೇ ಇದು." ಅವಳು ತನ್ನ ಗಲ್ಲವನ್ನು ಎಡ ಹೆಗಲವರೆಗೂ ಒಯ್ದು ತೋರಿಸಿದಳು. "ಕುತ್ತಿಗಿ ಹೊಳ್ಳಿಸ್ರಿ. ಏನು ನೋಡೋದಿದ್ರೂ ಎಡಗಡಿ ಅಂಚಿನಿಂದ ಶುರು ಮಾಡ್ರಿ. ಮೊದಲು ಬೇಕಂತ ಮಾಡ್ಬೇಕು, ಆಮ್ಯಾಲ ರೂಢಿ ಆಗ್ತದ. ಭಾಳ ಮಂದಿಗಿ ಸುಧಾರಿಸ್ತದ."

ಆಗಲಿ ಎಂದು ಅವನು ತಲೆಯಾಡಿಸಿದ. ಮನೆಗೆ ಬಂದು ಒಂದು ದಿನವೂ ಹಾಗೆ ಮಾಡಲಿಲ್ಲ. ಕುತ್ತಿಗೆ ಹೊರಳಿಸುವುದೆಂದರೆ ಹೋದದ್ದು ಹೋಯಿತೆಂದು ಒಪ್ಪಿಕೊಂಡ ಹಾಗೆ ಎಂದು ಅವನ ಲೆಕ್ಕ. ಅವನಿಗೆ ಬೇಕಾಗಿದ್ದದ್ದು ಎಡಗಡೆ ತಾನಾಗಿಯೇ ವಾಪಸು ಬರುವುದು. ರಜೆ ಮುಗಿದ ಮೇಲೆ ಅದೇ ಹಲಗೆಯ ಮುಂದೆ ಮರುಪರೀಕ್ಷೆ ಇತ್ತು. ಎರಡೂ ಬದಿಯ ವೇಗ ಹತ್ತಿರ ಹತ್ತಿರ ಬಂದರೆ ವೈದ್ಯರ ಮಂಡಳಿ ಅವನನ್ನು ಚಾಲನೆಯ ಪರೀಕ್ಷೆಗೆ ಕಳಿಸುತ್ತದೆ. ಬಾರದಿದ್ದರೆ ಉಗ್ರಾಣದ ಕೆಲಸ, ಗಾಡಿ ಮುಟ್ಟುವ ಹಾಗಿಲ್ಲ.

ಮನೆಯಲ್ಲೇ ಒಂದು ಹಲಗೆ ಮಾಡೋಣ ಎಂದವನು ಕಲೀಮ್. ರತ್ನದೀಪನ ಶಾಲೆಯ ದಿನಗಳ ಗೆಳೆಯ. ವಾಡಿ ಸ್ಟೇಷನ್ನಿನ ಆಚೆ ಅವನದು ಮೋಟಾರು ರಿಪೇರಿ ಅಂಗಡಿ. ಹಳೆಯ ಬಾಗಿಲೊಂದನ್ನು ಅಡ್ಡ ಕೊಯ್ದು, ಅದಕ್ಕೆ ಕಾರ್ಖಾನೆಯ ಪ್ಯಾನಲ್ಲಿನ ಕೆಂಪು ದೀಪಗಳನ್ನು ಕೂರಿಸಿದ. ಒಂದೊಂದು ದೀಪಕ್ಕೆ ಒಂದೊಂದು ತಂತಿ ಎಳೆದು, ತಂತಿಗಳನ್ನೆಲ್ಲ ಒಂದು ಕಟ್ಟಿಗೆಯ ಪೆಟ್ಟಿಗೆಗೆ ತಂದು ಸ್ವಿಚ್ಚು ಜೋಡಿಸಿದ. ಸ್ವಿಚ್ಚುಗಳು ಗುಜರಿಯಲ್ಲಿ ಕೈಗೆ ಸಿಕ್ಕವು: ಹಳೆಯ ಕಾಲದ ಕರಿ ಗುಂಡು ಸ್ವಿಚ್ಚು, ಮಿಕ್ಸರಿನದು, ಕರೆಗಂಟೆಯದು, ಬೋರ್‌ವೆಲ್ಲಿನ ಸ್ಟಾರ್ಟರಿನದು.

"ಲಗ್ನಕ್ಕ ಬಂದ ಬೀಗರು ಇದ್ದಂಗ ಅವ ನೋಡು," ಅಂದ ಕಲೀಮ್. "ಒಂದರ ಮಾರಿ ಇನ್ನೊಂದಕ್ಕ ಹೊಂದಂಗಿಲ್ಲ. ಆದ್ರ ಎಲ್ಲಾ ಕೆಲಸ ಮಾಡ್ತಾವ. ಬೀಗರು ಅದೂ ಮಾಡಂಗಿಲ್ಲ."

ಹಲಗೆಯನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದರು. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಅಣ್ಣನ ಬೆನ್ನ ಹಿಂದೆ ಹೊರಸಿನ ಮೇಲೆ ಕೂತವಳು ಮೈತ್ರಿ. ರತ್ನದೀಪನ ತಂಗಿ ಶಹಾಬಾದಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬೇಸಿಗೆ ರಜೆಗೆ ಮನೆಗೆ ಬಂದಿದ್ದಳು. ಮನಸ್ಸಿಗೆ ಬಂದ ಹಾಗೆ ಒತ್ತುತ್ತ ಹೋದರೆ ಕೈಗೆ ತಿಳಿಯದೆಯೇ ಒಂದು ಕ್ರಮ ಬಂದುಬಿಡುತ್ತದೆ, ಅಣ್ಣ ಅದನ್ನು ಹಿಡಿದುಬಿಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಒಂದು ಕಟ್ಟು ಇಸ್ಪೀಟು ತರಿಸಿ, ಒಂದೊಂದು ಎಲೆಗೆ ಒಂದೊಂದು ದೀಪ ಗೊತ್ತುಮಾಡಿಕೊಂಡು, ಎಲೆ ಕಲೆಸಿ, ಯಾವ ಎಲೆ ಬಂತೋ ಆ ದೀಪ ಹೊತ್ತಿಸುತ್ತಿದ್ದಳು.

ಕಲ್ಲಿನ ಖಣಿಯಿಂದ ಬಂದ ಅಪ್ಪ ಲಾಲಪ್ಪ ಮೊದಲ ದಿನ ಬಾಗಿಲಲ್ಲೇ ನಿಂತ.

"ಮನ್ಯಾಗ ಇಸ್ಪೇಟ್ ಆಡ್ಲಿಕತ್ತೀರೇನು?"

"ನಾ ಆಡ್ಲಿಕತ್ತಿಲ್ಲಪ್ಪಾ, ಅಣ್ಣಗ ಆಡಿಸ್ಲಿಕತ್ತೀನಿ," ಅಂದಳು ಮೈತ್ರಿ.

"ಯಾರು ಗೆದ್ರು?"

"ದೀಪ ಗೆಲ್ಲಕತ್ತಾವ."

ಮೊದಲ ಕೆಲವು ದಿನ ನಿಜಕ್ಕೂ ಹಾಗೇ ಆಯಿತು. ಎಡಗಡೆಯ ದೀಪಗಳು ಹೊತ್ತಿದರೂ ರತ್ನದೀಪ ಕೈ ಇಳಿಬಿಟ್ಟು ನಿಂತಿರುತ್ತಿದ್ದ, ದೀಪಕ್ಕಾಗಿ ಕಾಯುವವನ ಹಾಗೆ. ಆಮೇಲೆ ಒಂದು ದಿನ ಮೇಲಿನ ಮೂಲೆಯದನ್ನು ಬಡಿದ. ಮರುದಿನ ಕೆಳಗಿನದನ್ನೂ ಬಡಿದ. ವಾರ ಕಳೆಯುವುದರಲ್ಲಿ ಎಡಗೈ ತಾನಾಗಿ ಹೋಗತೊಡಗಿತು. ಮೈತ್ರಿ ಎಲೆಗಳನ್ನು ಎಷ್ಟೇ ಕಲೆಸಲಿ, ಎಷ್ಟೇ ಬೇಗ ಒತ್ತಲಿ, ತಪ್ಪುವುದು ಅಪರೂಪವಾಯಿತು. ಅನಸುಬಾಯಿ ಮಾತ್ರ ಊಟಕ್ಕೆ ಕೂತಾಗ ತಾಟು ತಿರುಗಿಸುವುದನ್ನು ಬಿಟ್ಟಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಹಲಗೆಯ ಮೇಲೆ ಬಂದ ಎಡಗಡೆ ತಾಟಿನ ಮೇಲೆ ಇನ್ನೂ ಬಂದಿರಲಿಲ್ಲ. ಅದು ಯಾಕೆ ಎಂದು ಯಾರೂ ಕೇಳಲಿಲ್ಲ. ಸುಧಾರಿಸುತ್ತಿರುವ ಮನೆಯಲ್ಲಿ ಅಂಥ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಮಗ ಸುಧಾರಿಸಿದ್ದನ್ನು ಲಾಲಪ್ಪ ಖಣಿಯಲ್ಲಿ ಎಲ್ಲರ ಮುಂದೆಯೂ ಹೇಳಿಕೊಂಡು ಬಂದ. ಸಂಜೆ ಚಹದ ಅಂಗಡಿಯಲ್ಲೂ ಹೇಳಿದ. ರೈಲ್ವೆ ಗ್ಯಾಂಗಿನಲ್ಲಿದ್ದು ನಿವೃತ್ತನಾದ ಚಂದ್ರಾಮ ನೋಡಲೆಂದೇ ಮನೆಗೆ ಬಂದು, ಪಡಸಾಲೆಯ ಕಟ್ಟೆಯ ಮೇಲೆ ಕೂತು ಪೂರ್ತಿ ನೋಡಿದ.

"ಸಾಕಲ್ಲೋ ಲಾಲಪ್ಪ," ಅಂದ ಕೊನೆಗೆ. "ನಿನ್ನ ಮಗ ಸೊಳ್ಳಿ ಹೊಡ್ಯಾಕ ಪಕ್ಕಾ ತಯಾರ ಆಗ್ಯಾನ."

"ಲಾರಿ ಹೊಡಿತಾನ ಅಂವ," ಅಂದ ಲಾಲಪ್ಪ.

ಆ ಮಾತು ಕೇಳಿದಾಗ ರತ್ನದೀಪನ ಎದೆಯಲ್ಲಿ ಏನೋ ಒಂದು ಸಣ್ಣಗೆ ಅಲುಗಿತು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಕರೆಂಟು ಹೋದದ್ದು ಒಂದು ಮಧ್ಯಾಹ್ನ. ಬಿಸಿಲು ಪಡಸಾಲೆಯ ಅರ್ಧದವರೆಗೆ ನುಗ್ಗಿ ಹಲಗೆಯ ಮೇಲೂ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ದೀಪ ಹೊತ್ತಿದ್ದು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೈತ್ರಿ ಎಲೆ ತೆಗೆದಳು, ಒತ್ತಿದಳು. ಅಣ್ಣನ ಎಡಗೈ ಮೇಲಿನ ಮೂಲೆಗೆ ಹೋಗಿ ಬಡಿಯಿತು. ಇನ್ನೊಂದು ಎಲೆ. ಕೈ ನಡುವಿನ ದೀಪಕ್ಕೆ ಹೋಯಿತು. ಮತ್ತೊಂದು. ಕೈ ಕೆಳಗೆ ಹೋಯಿತು.

ಒಳಗಿನಿಂದ ಅನಸುಬಾಯಿ ಕೂಗಿದಳು. "ಮೈತ್ರೀ, ಕರೆಂಟ ಹೋಗಿ ಎಷ್ಟೊತ್ತಾತು, ಒಳಗ ಕುದಿ ಹತ್ತ್ಯಾದ. ಆ ಬೀಸಣಿಕಿ ಎಲ್ಲಿಟ್ಟಿ?"

ಮೈತ್ರಿಯ ಬೆರಳು ಸ್ವಿಚ್ಚಿನ ಮೇಲೇ ನಿಂತಿತು. ತಲೆ ಎತ್ತಿ ನೋಡಿದಳು. ಫ್ಯಾನಿನ ರೆಕ್ಕೆಗಳು ಅಲುಗುತ್ತಿರಲಿಲ್ಲ. ರತ್ನದೀಪ ಹಿಂದಿರುಗಿ ನೋಡಲಿಲ್ಲ. ಅವನ ಎಡಗೈ ಇನ್ನೂ ಕೆಳಗಿನ ದೀಪದ ಮೇಲೆಯೇ ಇತ್ತು. ದೀಪ ತಣ್ಣಗಿತ್ತು.

"ಒತ್ತು," ಅಂದ.

"ಕರೆಂಟಿಲ್ಲಣ್ಣಾ."

"ಗೊತ್ತದ. ಒತ್ತು."

ಅವಳು ಎಲೆ ತೆಗೆಯದೆ ಒತ್ತಿದಳು. ಕರಿ ಗುಂಡು ಸ್ವಿಚ್ಚು ಟಕ್ ಎಂದಿತು; ಕೈ ಎಡ ಮೇಲ್ಮೂಲೆಗೆ ಹೋಯಿತು. ಕರೆಗಂಟೆಯ ಗುಂಡಿಯ ಒಳಗಿನ ಸ್ಪ್ರಿಂಗು ಕಿರ್ ಎಂದಿತು. ಕೈ ನಡುವಿಗೆ ಹೋಯಿತು. ಸ್ಟಾರ್ಟರಿನ ಸ್ವಿಚ್ಚು ಗಟ್ಟಿಯಾಗಿ ಕೂತದ್ದು, ಒತ್ತಿದರೆ ದಪ್ಪನೆಯ ಸದ್ದು. ಕೈ ಕೆಳಗೆ ಹೋಯಿತು. ಮಿಕ್ಸರಿನದಕ್ಕೆ ಸದ್ದು ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗಿನ ಸದ್ದು. ಅದಕ್ಕೂ ಕೈ ಹೋಯಿತು. ಅವಳು ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಒತ್ತಿ ಮುಗಿಸಿದಳು. ಒಂದು ದೀಪವೂ ಹೊತ್ತಿರಲಿಲ್ಲ. ಒಂದನ್ನೂ ಅವನು ತಪ್ಪಿಸಿರಲಿಲ್ಲ.

"ಬರೋಬರಿ ಆದ್ವೇನು?"

"ಹೂಂ. ಎಲ್ಲಾ ಬರೋಬರಿ."

ಅವನು ಕೈ ಇಳಿಸಿದ. ಪಂಚೆಗೆ ಅಂಗೈ ಒರೆಸಿಕೊಂಡ. ಬೀಸಣಿಕೆ ಹೊರಸಿನ ಕೆಳಗೆ ಬಿದ್ದಿತ್ತು. ಬಗ್ಗಿ ಎತ್ತಿ ಒಳಗೆ ಒಯ್ದು ತಾಯಿಗೆ ಕೊಟ್ಟ. ಮೈತ್ರಿ ಇಸ್ಪೀಟನ್ನು ಜೋಡಿಸಿ ಕಟ್ಟಿದಳು. ಕ್ರಮ ಇರಬಾರದೆಂದು ಅಷ್ಟು ಎಚ್ಚರ ವಹಿಸಿದ್ದ ಅವಳಿಗೆ ಸದ್ದಿನ ವಿಚಾರ ಒಮ್ಮೆಯೂ ಬಂದಿರಲಿಲ್ಲ. ಅವನಿಗೂ ಬಂದಿರಲಿಲ್ಲ. ದೀಪ ಕಂಡೇ ಬಡಿಯುತ್ತಿದ್ದೇನೆಂದು ಅವನು ನಂಬಿದ್ದ. ಕಂಡಿದ್ದೇನೆಂದು ಪ್ರಮಾಣ ಮಾಡಲೂ ತಯಾರಿದ್ದ.

ಸಂಜೆ ಕರೆಂಟು ಬಂದ ಮೇಲೆ ಕಿವಿಗೆ ಅರಳೆ ತುರುಕಿಕೊಂಡು, ಅದರ ಮೇಲೆ ಟವೆಲು ಬಿಗಿದುಕೊಂಡು ನಿಂತ. ಬಲಗಡೆಯವು ಮೊದಲಿನ ಹಾಗೇ ಆದವು. ಎಡಗಡೆಯವು ಹೊತ್ತಿದವು, ಆರಿದವು. ಅವನು ಕಾಯುತ್ತ ನಿಂತಿದ್ದ.

ಅಷ್ಟರಲ್ಲಿ ಲಾಲಪ್ಪ ಬಂದಿದ್ದ. ಮೈತ್ರಿ ನಡೆದದ್ದನ್ನು ಹೇಳಿದಳು. ಅವನು ಸುತ್ತಿಗೆಯ ಚೀಲವನ್ನು ಹೆಗಲಿನಿಂದ ಇಳಿಸದೆ ಪೂರ್ತಿ ಕೇಳಿದ. ಆಮೇಲೆ ಕಟ್ಟೆಯ ಮೇಲೆ ಕೂತ.

ಖಣಿಯಲ್ಲಿ ಲಾಲಪ್ಪನ ಹೆಸರು ನಿಂತದ್ದು ಕಿವಿಯ ಮೇಲೆ. ಅಲ್ಲಿನ ಕಲ್ಲು ಪದರ ಪದರವಾಗಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಬಿರುಕಿಲ್ಲದ್ದು ಗಂಟೆಯ ಹಾಗೆ ಉಲಿಯುತ್ತದೆ, ಬಿರುಕು ಬಿಟ್ಟದ್ದು ಮಡಕೆಯ ಹಾಗೆ. ತಟ್ಟಿ ಕೇಳದೆ ಉಳಿ ಇಟ್ಟರೆ ಇಡೀ ಹಾಸುಗಲ್ಲು ಚೂರಾಗುತ್ತದೆ. ಮಗ ಬುತ್ತಿ ತಂದು ಕೊಡುತ್ತಿದ್ದ ದಿನಗಳಲ್ಲಿ ಲಾಲಪ್ಪ ಅವನ ಜೊತೆ ಒಂದು ಆಟ ಆಡುತ್ತಿದ್ದ. ಅವನನ್ನು ಕಲ್ಲುಗಳಿಗೆ ಬೆನ್ನು ಮಾಡಿ ನಿಲ್ಲಿಸಿ, ಹಿಂದಿನಿಂದ ಒಂದೊಂದನ್ನೇ ತಟ್ಟಿ, ಈಗ ತಟ್ಟಿದ್ದು ಯಾವುದು ಎಂದು ಕೇಳುವುದು. ಹುಡುಗ ತಿರುಗಿ ನೋಡದೆ ಬೆರಳು ಮಾಡಿ ತೋರಿಸುತ್ತಿದ್ದ.

"ನಾನಽ ಕಲಿಸಿದ್ದಲ್ಲೇನಪಾ ಅದು," ಅಂದ ಲಾಲಪ್ಪ.

ಮಗ ಕಿವಿಯ ಅರಳೆ ತೆಗೆದ. "ಏನಂದಿ?"

"ಏನಿಲ್ಲ." ಲಾಲಪ್ಪ ಚೀಲ ಕೆಳಗಿಟ್ಟ. "ಆಸ್ಪತ್ರ್ಯಾಗಿಂದು ಸಪ್ಪಳ ಮಾಡ್ತದೇನು?"

"ಇಲ್ಲ."

"ಸರಿಯಾಗಿ ಕೇಳಿದ್ದಿಲ್ಲ ನೀ ಆವಾಗ. ಸಪ್ಪಳ ಮಾಡ್ಲಾರದ ಮಷೀನು ನಾ ಒಂದೂ ನೋಡಿಲ್ಲ. ಒಳಗ ಏನರೆ ಇದ್ದೇ ಇರ್ತದ. ಈ ಸಲ ಕಿವಿ ಇಟ್ಟು ಕೇಳು."

"ಅದು ನೋಡೋ ಪರೀಕ್ಷಾ ಅದಪ್ಪಾ," ಅಂದಳು ಮೈತ್ರಿ.

"ಪಾಸ್ ಆಗೋ ಪರೀಕ್ಷಾ ಹೌದಿಲ್ಲೋ? ಕಿವಿ ಅವನ್ದೇ ಅದ. ಮಂದಿ ಕಡಿಂದ ಕಡ ತಂದಿಲ್ಲ."

ಅಪ್ಪ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ರತ್ನದೀಪನಿಗೂ ತಿಳಿಯಲಿಲ್ಲ. ತಿಳಿದದ್ದು ಶಹಾಬಾದಿನಲ್ಲಿ.

ಕಲೀಮ್ ಶಹಾಬಾದಿನ ಒಂದು ಕಲ್ಲು ಪಾಲಿಷ್ ಕಾರ್ಖಾನೆಗೆ ಮೋಟಾರು ಒಪ್ಪಿಸಲು ಹೊರಟಿದ್ದ. ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಬಾ ಎಂದು ಗೆಳೆಯನನ್ನು ವ್ಯಾನಿನಲ್ಲಿ ಕೂರಿಸಿಕೊಂಡ. ಅಂದು ಕಾರ್ಖಾನೆಗೆ ರಜೆ. ಮೋಟಾರು ಇಳಿಸಿದ ಮೇಲೆ ಅಂಗಳ ಪೂರ್ತಿ ಖಾಲಿ. ಅಲ್ಲಲ್ಲಿ ಹಾಸುಗಲ್ಲುಗಳನ್ನು ಒಂದಕ್ಕೊಂದು ಆನಿಸಿ ಸಾಲಾಗಿ ನಿಲ್ಲಿಸಿದ್ದರು. ಕಲೀಮ್ ಕೀಲಿ ಕೊಟ್ಟ.

"ಒಂದ ಸುತ್ತು ಹೊಡಿ. ರೋಡ್ ಅಲ್ಲ, ಪೊಲೀಸಿಲ್ಲ, ನಿನ್ನ ಮೇಜರ್ ಸಾಬನೂ ಇಲ್ಲ."

ರತ್ನದೀಪ ಸ್ಟೇರಿಂಗಿನ ಹಿಂದೆ ಕೂತ. ಕಾಲು ಕ್ಲಚ್ಚನ್ನು ಮರೆತಿರಲಿಲ್ಲ, ಕೈ ಗೇರನ್ನು ಮರೆತಿರಲಿಲ್ಲ. ವ್ಯಾನು ಮೆಲ್ಲಗೆ ಹೊರಟಿತು. ಕಲೀಮ್ ಎಡ ಸೀಟಿನಲ್ಲಿ ಕಿಟಕಿಗೆ ಮೊಣಕೈ ಊರಿ, ಗೆಳೆಯನ ಕಡೆಗೇ ಮುಖ ಮಾಡಿ ಕೂತಿದ್ದ.

"ವಾರೆವಾ. ಬೆಣ್ಣಿ ಮ್ಯಾಲ ಹೋದಂಗ ಹೊಂಟ್ಯಾದ. ಇದಕ್ಕೇನು ಪರೀಕ್ಷಾ ತಗೋತಾರಲೇ ಅವರು—"

ಕರ್ರ್ ಎಂದು ಸದ್ದಾಯಿತು. ಕಲೀಮ್ ಕೈ ಒಳಗೆಳೆದುಕೊಂಡ. ವ್ಯಾನು ನಿಂತಿತು. ಎಡಗಡೆಯ ಕನ್ನಡಿ ಮುರಿದು ತಂತಿಯಲ್ಲಿ ಜೋತಾಡುತ್ತಿತ್ತು. ಅದರ ಆಚೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ಹಾಸುಗಲ್ಲಿನ ಸಾಲು ಇತ್ತು. ರತ್ನದೀಪ ಈಗ ಕುತ್ತಿಗೆ ಹೊರಳಿಸಿ ಅದನ್ನು ನೋಡಿದ. ಆಳೆತ್ತರದ ಸಾಲು. ಅದು ಎಲ್ಲಿಂದಲೂ ಬಂದದ್ದಲ್ಲ, ಬೆಳಿಗ್ಗೆಯಿಂದ ಅಲ್ಲೇ ನಿಂತಿತ್ತು.

"ಕಾಣಲಿಲ್ಲೇನು?"

"ಇಲ್ಲ."

ಕಲೀಮನ ಮೊಣಕೈಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಅವನು ಅದನ್ನು ಕರವಸ್ತ್ರದಿಂದ ಒತ್ತಿಹಿಡಿದ.

"ಕಲ್ಲು ಹಾರನ್ ಹೊಡಿಯಂಗಿಲ್ಲಲೇ ದೀಪ್ಯಾ," ಅಂದ. ನಗಿಸಲೆಂದೇ ಅಂದದ್ದು. ಇಬ್ಬರೂ ನಗಲಿಲ್ಲ. ವಾಪಸು ಬರುವಾಗ ಕಲೀಮ್ ಓಡಿಸಿದ. ರತ್ನದೀಪ ಎಡ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಆ ಸೀಟಿನ ವಿಚಾರವನ್ನೇ ಮಾಡಿದ. ಸೇನೆಯ ಗಾಡಿಯಲ್ಲಿ ಆ ಸೀಟು ಎಂದೂ ಖಾಲಿ ಇರುವುದಿಲ್ಲ. ಅಲ್ಲೊಬ್ಬ ಜೊತೆಗಾರ ಕೂತಿರುತ್ತಾನೆ, ನಿದ್ದೆ ಮಾಡುತ್ತಾನೆ, ಕಿಟಕಿಗೆ ತಲೆ ಆನಿಸುತ್ತಾನೆ. ಅವನ ಆಚೆ ಒಮ್ಮೆ ಗುಡ್ಡ ಇರುತ್ತದೆ, ಒಮ್ಮೆ ಕಂದಕ. ಎರಡೂ ಸದ್ದು ಮಾಡುವುದಿಲ್ಲ.

ಹೊರಡುವ ದಿನ ವಾಡಿ ಜಂಕ್ಷನ್ನಿಗೆ ಲಾಲಪ್ಪ ಬಂದ. ಅನಸುಬಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಕಿಟಕಿಯಿಂದ ಕೊಟ್ಟು, ಗಾಡಿ ಹೊರಡುವವರೆಗೆ ಅದೂ ಇದೂ ಮಾತಾಡಿದ. ಗಾಡಿ ಅಲುಗಿದಾಗ ಕಿಟಕಿಯ ಸರಳು ಹಿಡಿದು ಜೊತೆಗೇ ನಡೆದ.

"ಕಿವಿ ಇಟ್ಟು ಕೇಳು."

"ಹೂಂ."

ಪರೀಕ್ಷೆಯ ಕೋಣೆ ಮೊದಲಿನ ಹಾಗೇ ತಣ್ಣಗಿತ್ತು. ಧನಶ್ರೀ ಅವನನ್ನು ಗುರುತು ಹಿಡಿದಳು. "ಬರ್ರಿ, ಬರ್ರಿ. ಊರಾಗ ಬಿಸಲ ಹ್ಯಾಂಗದ?" ಎಂದು ಕೇಳಿ, ಅವನನ್ನು ಹಲಗೆಯ ಮುಂದೆ ನಿಲ್ಲಿಸಿ, ಹಿಂದೆ ಕಂಪ್ಯೂಟರಿನ ಮುಂದೆ ಕೂತಳು. "ಶುರು ಮಾಡಾಣೇನು?"

ಬಲಗಡೆ ಒಂದು ಗುಂಡಿ ಹೊತ್ತಿತು. ಜೊತೆಗೆ ಹಲಗೆಯ ಒಳಗಿನಿಂದ ಬೀಪ್ ಎಂದು ಸಣ್ಣದೊಂದು ಸದ್ದು ಬಂತು.

ಅವನು ಬಡಿದ. ಇನ್ನೊಂದು ಬೀಪ್, ಇನ್ನೊಂದು ದೀಪ. ಸದ್ದೆಲ್ಲ ಒಂದೇ ತೆರನಾದದ್ದು. ಯಾವ ದೀಪ ಎಂದು ಅದು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬೀಪ್ ಬಂದ ಮೇಲೂ ಬಲಗಡೆ ಏನೂ ಹೊತ್ತಿಲ್ಲವೆಂದರೆ ದೀಪ ಎಡಗಡೆ ಇದೆ. ಅಷ್ಟು ಗೊತ್ತಾದರೆ ಗಮನ ತಾನಾಗಿ ಅತ್ತ ಹೋಗುತ್ತದೆ, ಹೋದರೆ ದೀಪ ಕಾಣುತ್ತದೆ, ಕಂಡರೆ ಕೈ ಹೋಗುತ್ತದೆ. ಎಡಗೈ ಬಡಿಯತೊಡಗಿತು. ಅಪ್ಪ ಹೇಳಿದ್ದು ಸರಿಯಾಗಿತ್ತು. ಸಪ್ಪಳವಿಲ್ಲದ ಮಷೀನು ಇಲ್ಲ.

"ಭೇಷ್," ಅಂದಳು ಹಿಂದಿನಿಂದ ಧನಶ್ರೀ. "ಭಾಳ ಛಲೋ ಆಗ್ಯಾದಲ್ರಿ. ಮನ್ಯಾಗ ಛಲೋ ತಯಾರಿ ಮಾಡೀರಿ ನೀವು."

ಅವನು ಬಡಿಯುತ್ತ ಹೋದ. ಇನ್ನೊಂದಿಷ್ಟು ಹೊತ್ತು ಹೀಗೇ ನಿಂತಿದ್ದರೆ ಮುಗಿಯುತ್ತಿತ್ತು. ರಾವೂರಿಗೆ ಫೋನು ಹೋಗುತ್ತಿತ್ತು. ಅಪ್ಪ ಖಣಿಯಲ್ಲಿ ಹೇಳುತ್ತಿದ್ದ, ಚಂದ್ರಾಮ ಮತ್ತೇನೋ ತಮಾಷೆ ಮಾಡುತ್ತಿದ್ದ. ಒಂದು ಬೀಪ್ ಬಂತು. ಎಡಗಡೆಯ ದೀಪ ಕಂಡಿತು. ಅವನು ಕೈ ಎತ್ತಲಿಲ್ಲ. ದೀಪ ಆರಿತು.

"ಯಾಕ್ರಿ? ಸುಸ್ತಾಯ್ತೇನು?"

"ಇದು ಹೋದ ಸಲ ಸಪ್ಪಳ ಮಾಡ್ತಿದ್ದಿಲ್ರಿ ಮೇಡಂ."

ಧನಶ್ರೀ ಪರದೆಯ ಕಡೆ ಬಗ್ಗಿ ನೋಡಿದಳು. "ಅಯ್ಯ. ಮುಂಜಾನಿ ಬ್ಯಾರೆ ಒಬ್ರಿಗಿ ತರಬೇತಿಗಂತ ಹಚ್ಚಿದ್ದೆ. ತೆಗ್ಯೋದು ಮರ್ತೀನಿ." ಅವಳು ಒಂದು ಗುಂಡಿ ಒತ್ತಿದಳು. ಆಮೇಲೆ ಅವನ ಕಡೆ ನೋಡಿದಳು. "ಇಲ್ಲೀತನಕ ಮಾಡಿದ್ದು ಹಿಡಿಯಂಗಿಲ್ರಿ. ಹೊಸದಾಗಿ ಮಾಡ್ಬೇಕಾಗ್ತದ."

"ಮಾಡ್ತೀನ್ರಿ."

"ನೀವು ಹೇಳಿರದಿದ್ರ ನನಗ ಗೊತ್ತಾಗ್ತಿದ್ದಿಲ್ಲ."

"ಎಡ ಸೀಟಿನ್ಯಾಗ ಒಬ್ಬ ಮನಷ್ಯಾ ಕುಂತಿರ್ತಾನ್ರಿ," ಅಂದ ಅವನು. ಅದು ಉತ್ತರ ಹೌದೋ ಅಲ್ಲವೋ ಎಂದು ಅವಳು ಮತ್ತೆ ಕೇಳಲಿಲ್ಲ.

ಸದ್ದಿಲ್ಲದೆ ಹಲಗೆ ಹೊತ್ತತೊಡಗಿತು. ಬಲಗಡೆ ಬಡಿದ, ಬಲಗಡೆ ಬಡಿದ. ಆಮೇಲೆ ಏನೂ ಇಲ್ಲ. ಏನೂ ಇಲ್ಲದೆ ಇರುವುದು ಎಂದರೆ ಏನು ಎಂದು ಅವನಿಗೆ ಈಗ ಗೊತ್ತಿತ್ತು. ಅವನು ಗಲ್ಲವನ್ನು ಎಡ ಹೆಗಲಿನ ಕಡೆ ಒಯ್ದ. ಅಲ್ಲೊಂದು ದೀಪ ಇತ್ತು, ಆರುತ್ತಿತ್ತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಹೊಲ ಉಳುವ ಎತ್ತಿನ ಹಾಗೆ ಅಂಚು ಮುಟ್ಟಿ ತಿರುಗುವುದು, ಅಂಚು ಮುಟ್ಟಿ ತಿರುಗುವುದು. ಕೆಲವು ಸಿಕ್ಕವು. ಹೆಚ್ಚಿನವು ಅವನು ತಿರುಗುವುದರೊಳಗೆ ಆರಿದವು. ಕುತ್ತಿಗೆ ನೋಯತೊಡಗಿತು.

ಮುಗಿದ ಮೇಲೆ ಧನಶ್ರೀ ಪರದೆಯನ್ನು ಅವನ ಕಡೆ ತಿರುಗಿಸಿದಳು. ಬಲಬದಿಗೆ ಉದ್ದನೆಯ ಪಟ್ಟಿ, ಎಡಬದಿಗೆ ಗಿಡ್ಡದು.

"ಹೋದ ಸಲಕ್ಕಿಂತ ಮ್ಯಾಲದ. ಆದ್ರ ಗಾಡಿಗಿ ಸಾಕಾಗಂಗಿಲ್ರಿ. ನಾ ಇದ್ದದ್ದು ಇದ್ದಂಗ ಬರೀತೀನಿ."

"ಬರೀರಿ."

"ಹೋದ ಸಲ ನೀವು ಕುತ್ತಿಗಿ ಹೊಳ್ಳಿಸಿದ್ದಿಲ್ಲ."

"ಇಲ್ರಿ."

"ಮನ್ಯಾಗ?"

"ಮನ್ಯಾಗೂ ಇಲ್ರಿ. ಇವತ್ತೇ ಮೊದಲು."

"ಉಗ್ರಾಣದ ಕೆಲಸ ಮಾಡ್ಕೋತ ಇಲ್ಲಿ ಬರ್ರಿ," ಅಂದಳು ಧನಶ್ರೀ. "ಮೊದಲಿನಿಂದ ಶುರು ಮಾಡಾಣ. ಸ್ಟೇರಿಂಗ್ ಸಿಗ್ತದ ಅಂತ ನಾ ಹೇಳಂಗಿಲ್ಲ."

ಹೊರಗೆ ಬಂದು ಅವನು ಅಪ್ಪನಿಗೆ ಫೋನು ಮಾಡಿದ. ಹಿಂದೆ ಖಣಿಯ ಸದ್ದು ಕೇಳುತ್ತಿತ್ತು. ಹತ್ತಿರದಲ್ಲೇ ಯಾರೋ ಕಲ್ಲು ತಟ್ಟುತ್ತಿದ್ದರು.

"ಏನಾತಪಾ?"

"ಗಾಡಿ ಇಲ್ಲ. ಉಗ್ರಾಣ."

"ಸಪ್ಪಳ ಮಾಡಲಿಲ್ಲೇನು ಅದು?"

"ಮಾಡ್ತು."

"ಮತ್ತ?"

"ನಾನಽ ಬಂದ್ ಮಾಡಿಸ್ದೆ."

ಆ ತುದಿಯಲ್ಲಿ ಕಲ್ಲಿನ ಸದ್ದು ಮಾತ್ರ ಉಳಿಯಿತು. ರತ್ನದೀಪ ಕಾದ. ಬೈಗುಳ ಬರಬಹುದು ಅಂದುಕೊಂಡಿದ್ದ, ಬರಲಿಲ್ಲ.

"ಉಂಡಿ?" ಎಂದು ಕೇಳಿದ ಲಾಲಪ್ಪ.

"ಇನ್ನಾ ಇಲ್ಲ."

"ಉಣ್ಣು ಹೋಗು."

ಊಟದ ಮನೆಯಲ್ಲಿ ಸಾಲು ಸಾಲು ಬೆಂಚು, ಸ್ಟೀಲಿನ ತಾಟು. ಅವನು ಒಂದು ತುದಿಗೆ ಕೂತು ಉಂಡ. ಅನ್ನ ಮುಗಿಯಿತು, ದಾಲ್ ಮುಗಿಯಿತು. ತಾಟು ಖಾಲಿಯಾಗಿತ್ತು. ಎದುರಿನ ಬೆಂಚಿನವನು ಎದ್ದು ಹೋದ. ರತ್ನದೀಪನೂ ಏಳಲು ಹೊರಟವನು, ಅರ್ಧ ಎದ್ದು, ಮತ್ತೆ ಕೂತ. ಅಂಚು ಹಿಡಿದು ತಾಟನ್ನು ತಾನೇ ಅರ್ಧ ಸುತ್ತು ತಿರುಗಿಸಿದ. ಒಂದು ಚಪಾತಿ, ಬಟಾಟೆ ಪಲ್ಯ, ಎರಡು ಹೋಳು ಉಳ್ಳಾಗಡ್ಡಿ ಇದ್ದವು. ಪಲ್ಯ ತಣ್ಣಗಾಗಿತ್ತು. ಅವನು ಅದನ್ನೂ ಉಂಡ.